ಚೀಟಿಯೊಳಗಿನ ಮನೆ

ಕಲಾಸಿಪಾಳ್ಯ ಬಸ್ ನಿಲ್ದಾಣದ ಹಿಂಬದಿಯ ಫುಟ್‌ಪಾತ್‌ನಲ್ಲಿ ಮಲಗುವ, ಐವತ್ತರ ಆಸುಪಾಸಿನ ಒಬ್ಬರು ಮೂರು ವರ್ಷಗಳ ಹಿಂದಿನ ಒಂದು ಭಾನುವಾರ ಬೆಳಗ್ಗೆ ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಕವರನ್ನು ಬಿಚ್ಚಿ, ನಾಲ್ಕಾಗಿ ಮಡಿಚಿದ ಡಿಸ್ಚಾರ್ಜ್ ಚೀಟಿಯನ್ನು ನನ್ನ ಕೈಗೆ ಕೊಟ್ಟರು. ಕಲಬುರಗಿ ಕಡೆಯವರು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳು ಕೊಳೆತು, ಆಸ್ಪತ್ರೆಯೊಂದರಲ್ಲಿ ಅದನ್ನು ತೆಗೆದು ಆರು ದಿನಗಳಾಗಿದ್ದವು. "ಇದರಾಗ ಬರ್ದದ್ದು ನನಗ ಓದಾಕ ಬರಂಗಿಲ್ಲರೀ. ಏನ್ ಮಾಡ್ಬೇಕಂತ ಹೇಳ್ರಿ" ಎಂದರು. ನಾನು ಓದಿ ಹೇಳತೊಡಗಿದೆ. ಗಾಯಕ್ಕೆ ನೀರು ತಾಗಬಾರದು. ಮಲಗುವಾಗ ಕಾಲನ್ನು ಎರಡು ದಿಂಬುಗಳ ಮೇಲೆ ಎತ್ತರದಲ್ಲಿ ಇಟ್ಟುಕೊಳ್ಳಬೇಕು. ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಬೇಕು. ಬೆಳಗ್ಗೆ ಮತ್ತು ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ ಇನ್ಸುಲಿನ್ ತೆಗೆದುಕೊಳ್ಳಬೇಕು, ಅದನ್ನು ಫ್ರಿಜ್‌ನಲ್ಲಿ ಇಡಬೇಕು. ಎರಡು ವಾರದ ಬಳಿಕ ಒಪಿಡಿಗೆ ಬರಬೇಕು. ದಿಂಬಿನ ಮಾತು ಬಂದಾಗ ಅವರು ತಲೆಯಡಿಗೆ ಇಟ್ಟುಕೊಳ್ಳುವ ಚೀಲದ ಕಡೆ ನೋಡಿದರು. ಹಿಂದಿನ ರಾತ್ರಿ ಮಳೆ ಬಂದಿತ್ತು. ಬ್ಯಾಂಡೇಜು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಕೊನೆಯ ಸಾಲುಗಳನ್ನು ನನಗೆ ಗಟ್ಟಿಯಾಗಿ ಓದಲು ಆಗಲಿಲ್ಲ.

ಆ ಚೀಟಿಯನ್ನು ಬರೆದ ವೈದ್ಯರು ಏನೂ ತಪ್ಪು ಬರೆದಿರಲಿಲ್ಲ. ಹದಿನೆಂಟು ವರ್ಷಗಳಿಂದ ನಾನೂ ಅಂಥ ಚೀಟಿಗಳನ್ನೇ ಬರೆಯುತ್ತಿದ್ದೇನೆ, ಅವುಗಳಿಂದ ಎಷ್ಟೋ ಜನ ಗುಣವಾಗಿದ್ದಾರೆ. ಆದರೆ ಅಂದು ಮೊದಲ ಸಲ ನನಗೆ ಅದರ ಪ್ರತಿಯೊಂದು ಸಾಲಿನೊಳಗೂ ಒಂದು ಮನೆ ಅಡಗಿರುವುದು ಕಂಡಿತು. ಒಣಗಿದ ನೆಲ, ಬಾಗಿಲು, ನಲ್ಲಿ, ಹೊತ್ತಿಗೆ ಸರಿಯಾಗಿ ಬೇಯುವ ಅನ್ನ, ಗೋಡೆಯ ಮೇಲಿನ ಕ್ಯಾಲೆಂಡರು, ಮಾತ್ರೆ ನುಂಗಿದೆಯಾ ಎಂದು ಕೇಳುವ ಒಬ್ಬರು ಇದ್ದಾರೆ ಎಂದು ಮೊದಲೇ ಒಪ್ಪಿಕೊಂಡು ನಾವು ಔಷಧ ಬರೆಯುತ್ತೇವೆ. ಮನೆಯಿಲ್ಲದವರಿಗೆ ಚಿಕಿತ್ಸೆ ಕೊಡುವುದೆಂದರೆ ಚೀಟಿಯಿಂದ ಆ ಮನೆಯನ್ನು ತೆಗೆದುಹಾಕಿ ಮತ್ತೆ ಮೊದಲಿನಿಂದ ಯೋಚಿಸುವುದು ಎಂಬುದನ್ನು ಈ ವರ್ಷಗಳಲ್ಲಿ ನಿಧಾನವಾಗಿ ಕಲಿಯುತ್ತಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ದೊಡ್ಡ ಗುಂಪೇನಲ್ಲ. ವಾರ್ಡಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ಒಬ್ಬ ನರ್ಸ್, ಇವರನ್ನು ಎಲ್ಲರೂ ಸಿಸ್ಟರ್ ಎಂದೇ ಕರೆಯುತ್ತಾರೆ, ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ತಮ್ಮ ಆಟೋವನ್ನು ಭಾನುವಾರದ ಅರ್ಧ ದಿನ ನಮಗಾಗಿ ಬಿಟ್ಟುಕೊಡುವ ಒಬ್ಬ ಚಾಲಕರು ಮತ್ತು ನಾನು. ಬೆಳಗಿನ ಐದೂವರೆಗೆ ಕೆ.ಆರ್. ಮಾರುಕಟ್ಟೆಯ ಮೇಲ್ಸೇತುವೆಯ ಕೆಳಗಿಂದ ಆರಂಭಿಸಿ, ಅವೆನ್ಯೂ ರಸ್ತೆಯ ಅಂಗಡಿಗಳ ಮುಚ್ಚಿದ ಬಾಗಿಲುಗಳ ಮುಂದಿನಿಂದ ಸಾಗಿ, ಕಲಾಸಿಪಾಳ್ಯ ಮುಗಿಸಿಕೊಂಡು ಮೆಜೆಸ್ಟಿಕ್ ತಲುಪುವಷ್ಟರಲ್ಲಿ ಹತ್ತು ಗಂಟೆಯಾಗಿರುತ್ತದೆ. ಅಷ್ಟು ಬೇಗ ಹೊರಡುವುದಕ್ಕೆ ಕಾರಣವಿದೆ. ಬೀದಿಯಲ್ಲಿ ಮಲಗುವವರೆಲ್ಲ ಭಿಕ್ಷೆ ಬೇಡುವವರು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ; ನಾನು ಕಂಡವರಲ್ಲಿ ಹೆಚ್ಚಿನವರು ದುಡಿಯುವವರು. ಮಾರುಕಟ್ಟೆಯಲ್ಲಿ ಮೂಟೆ ಇಳಿಸುವವರು, ಮದುವೆ ಛತ್ರಗಳಲ್ಲಿ ಬಡಿಸಲು ಮತ್ತು ಪಾತ್ರೆ ತೊಳೆಯಲು ಹೋಗುವವರು, ಗಾರೆ ಕೆಲಸದವರು, ಚಿಂದಿ ಆಯುವವರು. ಅಂಗಡಿಗಳ ಬಾಗಿಲು ಮೇಲೇಳುವ ಹೊತ್ತಿಗೆ ಅವರು ಎದ್ದು ಹೋಗಿರುತ್ತಾರೆ, ಹಾಸಿಗೆಯ ಗುರುತೂ ಉಳಿದಿರುವುದಿಲ್ಲ.

ಮೊದಮೊದಲು ನಾವು ಬಿಳಿಯ ವ್ಯಾನೊಂದರಲ್ಲಿ ಹೋಗುತ್ತಿದ್ದೆವು. ವ್ಯಾನು ನಿಂತ ಕೂಡಲೇ ಅರ್ಧ ಜನ ಚೀಲ ಎತ್ತಿಕೊಂಡು ಓಡುತ್ತಿದ್ದರು. ಯಾಕೆಂದು ನಮಗೆ ತಿಳಿಯಲು ತಿಂಗಳುಗಳೇ ಹಿಡಿದವು. 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಅಧಿನಿಯಮದ ಪ್ರಕಾರ ಭಿಕ್ಷೆ ಬೇಡುವವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಸೇರಿಸಲು ಅವಕಾಶವಿದೆ. ಬೆಂಗಳೂರಿನ ಕೇಂದ್ರ ಇರುವುದು ಮಾಗಡಿ ರಸ್ತೆಯಲ್ಲಿ. ದುಡಿದು ತಿನ್ನುವವನೂ ಹರಿದ ಅಂಗಿಯಲ್ಲಿ ಫುಟ್‌ಪಾತ್ ಮೇಲೆ ಕೂತಿದ್ದರೆ ಯಾರ ಕಣ್ಣಿಗಾದರೂ ಭಿಕ್ಷುಕನಂತೆ ಕಾಣಬಹುದು ಎಂಬ ಭಯ ಅವರಿಗಿದೆ. ಇನ್ನೊಂದು ಸಂಗತಿಯನ್ನೂ ಇಲ್ಲಿಯೇ ಹೇಳಬೇಕು: ನಗರದಲ್ಲಿ ಸ್ವಂತ ಮನೆಯುಳ್ಳವರು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಭಿಕ್ಷುಕರ ಕರವೆಂದು ಶೇಕಡಾ 3ರಷ್ಟು ಹಣ ಸೇರಿರುತ್ತದೆ. ನಾನೂ ಅದನ್ನು ಪ್ರತಿ ವರ್ಷ ಕಟ್ಟುತ್ತೇನೆ. ಮನೆಯಿರುವ ನನಗೂ ಮನೆಯಿಲ್ಲದ ಅವರಿಗೂ ನಡುವೆ ಕಾನೂನು ಹೆಣೆದಿರುವ ಈ ನಂಟು ಬಹಳ ಮಂದಿಗೆ ಗೊತ್ತಿಲ್ಲ. ವ್ಯಾನನ್ನು ಬಿಟ್ಟು ಆಟೋ ಹಿಡಿದ ಮೇಲೆ ಯಾರೂ ಓಡಲಿಲ್ಲ.

ಅವರ ವಿವರಗಳನ್ನು ಬರೆದುಕೊಳ್ಳಲು ಉದ್ದನೆಯ ಲೆಡ್ಜರ್ ಪುಸ್ತಕವೊಂದಿದೆ. ಹೆಸರು, ವಯಸ್ಸು, ಕಾಯಿಲೆ, ಕೊಟ್ಟ ಔಷಧ. ವಿಳಾಸದ ಕಾಲಂ ಮೊದಲ ದಿನ ಖಾಲಿ ಉಳಿಯಿತು. ಎರಡನೆಯ ವಾರ ಅದೇ ಜನರನ್ನು ಹುಡುಕಲಾಗದೆ ಸೋತ ಮೇಲೆ ಸಿಸ್ಟರ್ ಆ ಕಾಲಂ ತುಂಬಿಸತೊಡಗಿದರು: "ಮೇಲ್ಸೇತುವೆ, ಮಸೀದಿ ಕಡೆಯಿಂದ ಏಳನೇ ಕಂಬ", "ಬಾಳೆಎಲೆ ಅಂಗಡಿ ಮುಂದಿನ ಮೆಟ್ಟಿಲು, ರಾತ್ರಿ ಹನ್ನೊಂದರ ಮೇಲೆ", "ಮಳೆ ಬಂದರೆ ಬ್ಯಾಂಕಿನ ಎಟಿಎಂ ಪಕ್ಕ". 2011ರ ಜನಗಣತಿಯಲ್ಲಿ ಫೆಬ್ರವರಿ 28ರ ಒಂದೇ ರಾತ್ರಿ ಎಣಿಕೆ ಮಾಡಿ ದೇಶದಲ್ಲಿ ಸುಮಾರು 17.7 ಲಕ್ಷ ಜನ ಮನೆಯಿಲ್ಲದವರಿದ್ದಾರೆ ಎಂದು ದಾಖಲಿಸಿದರು. ಮಳೆ ಬಂದರೆ ಎಲ್ಲಿ, ಪೊಲೀಸರು ಎಬ್ಬಿಸಿದರೆ ಎಲ್ಲಿ ಎಂದು ಬರೆದುಕೊಳ್ಳಲೇಬೇಕಾದವರನ್ನು ಒಂದು ರಾತ್ರಿಯಲ್ಲಿ ಎಣಿಸಿ ಮುಗಿಸುವುದು ಎಷ್ಟು ಕಷ್ಟವೆಂದು ನಮ್ಮ ಲೆಡ್ಜರ್ ನೋಡಿದರೆ ತಿಳಿಯುತ್ತದೆ.

ಔಷಧದ ವಿಷಯಕ್ಕೆ ಬರುತ್ತೇನೆ. ಮೊದಲ ವರ್ಷ ನಾನು ಮಾಡಿದ ಒಂದು ತಪ್ಪನ್ನು ಹೇಳದೆ ಮುಂದೆ ಹೋಗಲಾರೆ. ಮೂಟೆ ಹೊರುವ ಒಬ್ಬರಿಗೆ ಸಕ್ಕರೆ ಕಾಯಿಲೆಗಾಗಿ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಬರೆದೆ, ಕ್ಲಿನಿಕ್ಕಿನಲ್ಲಿ ಬರೆಯುವ ಹಾಗೆಯೇ. ಗ್ಲಿಮೆಪಿರೈಡ್ ದೇಹದಿಂದ ಇನ್ಸುಲಿನ್ ಹೊರಡಿಸುವ ಮಾತ್ರೆ. ಅದನ್ನು ನುಂಗಿದ ಮೇಲೆ ಊಟ ಬಿದ್ದೇ ಬೀಳಬೇಕು. ಅವರು ಶ್ರದ್ಧೆಯಿಂದ ಬೆಳಗ್ಗೆ ಮಾತ್ರೆ ನುಂಗಿದರು. ಅಂದು ಲೋಡು ತಡವಾಗಿ ಬಂದದ್ದರಿಂದ ಕೂಲಿ ಸಿಗಬೇಕಿದ್ದದ್ದು ಮಧ್ಯಾಹ್ನ ಮೂರಕ್ಕೆ, ಆದ್ದರಿಂದ ಊಟವೂ ಆಗಲೇ. ಎರಡು ಗಂಟೆಯ ಹೊತ್ತಿಗೆ ಮೈಯೆಲ್ಲ ಬೆವರಿ, ಮಾತು ತೊದಲಿ ಮೂಟೆಗಳ ನಡುವೆ ಕುಸಿದರು. ಕುಡಿದಿರಬೇಕೆಂದು ಜನ ದಾಟಿಕೊಂಡು ಹೋದರಂತೆ. ಪಕ್ಕದಲ್ಲಿ ಹೂವು ಮಾರುವ ಅಜ್ಜಿಯೊಬ್ಬರ ಗಂಡನಿಗೂ ಇದೇ ಕಾಯಿಲೆ ಇದ್ದದ್ದರಿಂದ ಆಕೆಗೆ ತಿಳಿಯಿತು. ಇನ್ನೂ ನುಂಗುವಷ್ಟು ಎಚ್ಚರವಿದ್ದ ಅವರಿಗೆ ಸಕ್ಕರೆ ಹಾಕಿದ ಕಾಫಿಯನ್ನು ಗುಟುಕು ಗುಟುಕಾಗಿ ಕುಡಿಸಿದರು. ಅವರು ಬದುಕಿದ್ದು ಆ ಅಜ್ಜಿಯಿಂದ. ಅಂದಿನಿಂದ, ದಿನಕ್ಕೆ ಎಷ್ಟು ಹೊತ್ತು ಊಟ, ಯಾವಾಗ, ಯಾರ ಕೈಯಿಂದ ಎಂದು ಕೇಳದೆ ಸಕ್ಕರೆ ಕಾಯಿಲೆಯ ಯಾವ ಮಾತ್ರೆಯನ್ನೂ ನಾನು ಬರೆಯುವುದಿಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಕೊಟ್ಟಾಗ ಸಕ್ಕರೆ ಹಾಗೆ ಕುಸಿಯುವುದು ಅಪರೂಪ. ಆದರೆ ಮಿತಿಮೀರಿ ಕುಡಿಯುವವರಿಗೂ ಮೂತ್ರಪಿಂಡ ಸೋತವರಿಗೂ ಅದರಲ್ಲಿಯೂ ಅಪಾಯವಿದೆ. ಪುಸ್ತಕದಲ್ಲಿರುವ ಗುರಿಯ ಅಂಕಿಯನ್ನು ಬೀದಿಯಲ್ಲಿ ಹಟ ಹಿಡಿದು ಬೆನ್ನಟ್ಟಬಾರದು. ಸಕ್ಕರೆ ಸ್ವಲ್ಪ ಹೆಚ್ಚಿದ್ದರೆ ನಾಳೆ ನೋಡಬಹುದು, ತೀರಾ ಇಳಿದರೆ ನೋಡಲು ನಾಳೆಯೇ ಇರುವುದಿಲ್ಲ.

ಇನ್ಸುಲಿನ್ ಬೇಕೇ ಬೇಕಾದವರೂ ಇದ್ದಾರೆ. ತೆರೆಯದ ಸೀಸೆಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ತೆರೆದದ್ದು ಬಿಸಿಲು ಬೀಳದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ತಾಳುತ್ತದೆ. ಹಳ್ಳಿಗಳಲ್ಲಿ ಫ್ರಿಜ್ ಇಲ್ಲದವರಿಗೆ ನೀರು ಚಿಮುಕಿಸಿದ ಮಣ್ಣಿನ ಮಡಕೆಯೊಳಗೆ ಇಡಲು ಹೇಳುತ್ತೇವೆ. ಮಡಕೆಯನ್ನು ಇಡಲು ಮೂಲೆಯೇ ಇಲ್ಲದವರು ಏನು ಮಾಡಬೇಕು? ಕಲಬುರಗಿಯ ಆ ಹಿರಿಯರಿಗೆ ದಾರಿ ತೋರಿಸಿದವರು ಎದುರಿನ ಬೇಕರಿಯವರು. ಹಾಲಿನ ಪ್ಯಾಕೆಟ್ಟುಗಳ ಪಕ್ಕದಲ್ಲಿ ಅವರ ಸೀಸೆಗೊಂದು ಸ್ಟೀಲ್ ಡಬ್ಬಿ ಇಟ್ಟುಕೊಟ್ಟರು. ಬೇಕರಿ ತೆರೆಯುವುದು ಬೆಳಗ್ಗೆ ಆರಕ್ಕೆ, ಮುಚ್ಚುವುದು ರಾತ್ರಿ ಹತ್ತಕ್ಕೆ. ಎರಡು ಹೊತ್ತಿನ ಇಂಜೆಕ್ಷನ್ನಿಗೆ ಅದು ಸಾಕು. ಚುಚ್ಚಿಕೊಂಡ ಮೇಲೆ ಎರಡು ಬನ್ನು ತಿನ್ನಲು ಅಲ್ಲಿಯೇ ಖಾತೆಯೂ ಆಯಿತು. ಆ ಬೇಕರಿಯವರಿಗೆ ನಾನು ಧನ್ಯವಾದ ಹೇಳಲು ಹೋದಾಗ ಅವರು, "ಇದರಲ್ಲೇನಿದೆ ಮೇಡಂ, ಜಾಗ ಇತ್ತು" ಎಂದಷ್ಟೇ ಹೇಳಿ ಗಿರಾಕಿಯ ಕಡೆ ತಿರುಗಿದರು.

ಹೆಂಗಸರ ವಿಷಯ ಬೇರೆಯೇ ಇದೆ, ಅದನ್ನು ನಾನು ತಡವಾಗಿ ಕಲಿತೆ. ರಕ್ತದೊತ್ತಡಕ್ಕೆ ಸಾಮಾನ್ಯವಾಗಿ ಕೊಡುವ, ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಒಬ್ಬ ಅಮ್ಮ ಪ್ರತಿ ವಾರವೂ ನಮ್ಮಿಂದ ಪಡೆದು ನುಂಗದೆ ಇಟ್ಟುಕೊಳ್ಳುತ್ತಿದ್ದರು. ಮೂರನೆಯ ತಿಂಗಳು ಸಿಸ್ಟರ್ ಪಕ್ಕದಲ್ಲಿ ಕೂತು ಮೆಲ್ಲಗೆ ಕೇಳಿದಾಗ ಕಾರಣ ಹೊರಬಿತ್ತು. ಶೌಚಾಲಯಕ್ಕೆ ಪ್ರತಿ ಸಲವೂ ದುಡ್ಡು ಕೊಡಬೇಕು, ರಾತ್ರಿ ಅದೂ ಮುಚ್ಚಿರುತ್ತದೆ, ಕತ್ತಲೆಯಲ್ಲಿ ಒಬ್ಬಳೇ ಮರೆಗೆ ಹೋಗುವುದು ಅಪಾಯ. ಅದಕ್ಕಾಗಿ ಆಕೆ ಸಂಜೆಯ ಮೇಲೆ ನೀರನ್ನೇ ಕುಡಿಯುವುದಿಲ್ಲ. ಬೀದಿಯಲ್ಲಿರುವ ಹೆಂಗಸರಲ್ಲಿ ಉರಿಮೂತ್ರ ಅಷ್ಟೊಂದು ಏಕೆ ಕಾಣುತ್ತದೆ ಎಂಬುದಕ್ಕೂ ಉತ್ತರ ಅದರಲ್ಲಿಯೇ ಇತ್ತು. ಮಾತ್ರೆ ಬದಲಾಯಿಸಿ ದಿನಕ್ಕೊಂದು ಅಮ್ಲೋಡಿಪಿನ್ ಕೊಟ್ಟ ಮೇಲೆ ಅವರ ಬಿಪಿ ಇಳಿಯಿತು. ಇನ್ನೊಬ್ಬ ಯುವತಿ, ಮಾನಸಿಕ ಕಾಯಿಲೆಗೆ ರಾತ್ರಿ ತೆಗೆದುಕೊಳ್ಳಬೇಕಾದ ಮಾತ್ರೆಯನ್ನು ನಿರಾಕರಿಸುತ್ತಿದ್ದಳು. ಕಾಯಿಲೆಯ ಅರಿವಿಲ್ಲದೆ ಹಾಗೆ ಮಾಡುತ್ತಾಳೆ ಎಂದು ನಾನು ಲೆಡ್ಜರ್‌ನಲ್ಲಿ ಬರೆದೂ ಬಿಟ್ಟಿದ್ದೆ. ಅವಳು ಹೇಳಿದ್ದು ಇಷ್ಟು: "ಅದು ತಗೊಂಡ್ರೆ ಗಾಢ ನಿದ್ದೆ ಬರುತ್ತೆ ಅಕ್ಕ. ನಿದ್ದೆ ಬಂದ್ರೆ ಪಕ್ಕದಲ್ಲಿ ಯಾರು ಬಂದು ಮಲಗ್ತಾರೋ ಗೊತ್ತಾಗಲ್ಲ." ಬರೆದದ್ದನ್ನು ಹೊಡೆದುಹಾಕಿದೆ. ಅವಳಿಗೆ ಕಾಯಿಲೆಯ ಅರಿವೂ ಇತ್ತು, ಊರಿನ ಅರಿವೂ ಇತ್ತು. ಮನೋವೈದ್ಯರೊಡನೆ ಮಾತನಾಡಿ, ಕಡಿಮೆ ನಿದ್ದೆ ತರಿಸುವ, ನಾಲ್ಕು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ನಿಗೆ ಬದಲಾಯಿಸಿದೆವು.

ಗಾಯಗಳೇ ನಮ್ಮ ಹೆಚ್ಚಿನ ಕೆಲಸ. ಬರಿಗಾಲು, ಒದ್ದೆ ನೆಲ, ಹಿಡಿತವಿಲ್ಲದ ಸಕ್ಕರೆ ಮತ್ತು ಬೀಡಿ ಒಟ್ಟಿಗೆ ಸೇರಿದರೆ ಸಣ್ಣ ಗೀರು ಕೂಡ ಮೂಳೆಯವರೆಗೆ ಇಳಿಯುತ್ತದೆ. ನೊಣ ಕೂತು ಹುಳುವಾದ ಗಾಯಕ್ಕೆ ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಇಟ್ಟರೆ ಹುಳುಗಳು ಮೇಲೆ ಬರುತ್ತವೆ, ಆಮೇಲೆ ಚಿಮುಟದಿಂದ ಒಂದೊಂದಾಗಿ ತೆಗೆಯಬೇಕು. ಒಬ್ಬರ ಕಾಲಿನ ಮುಂದೆ ಒಂದು ಗಂಟೆ ಕೂತದ್ದೂ ಇದೆ. ಆದರೆ ನಾವು ಮೊದಲು ಮಾಡುವ ಕೆಲಸ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು ತುಂಬಿ ಕಾಲು ತೊಳೆಯುವುದು. ಬಾಸ್ಟನ್ ನಗರದಲ್ಲಿ 1985ರಲ್ಲಿ ಮನೆಯಿಲ್ಲದವರ ಚಿಕಿತ್ಸೆಗೆ ಬಂದ ತರುಣ ವೈದ್ಯ ಜಿಮ್ ಓಕಾನೆಲ್ ಅವರಿಗೆ ಅಲ್ಲಿನ ಆಶ್ರಯತಾಣದ ನರ್ಸುಗಳು ಸ್ಟೆತಸ್ಕೋಪನ್ನು ಬದಿಗಿಡಿಸಿ ಮೊದಲು ಕಾಲು ನೆನೆಸಿ ತೊಳೆಯುವ ಕೆಲಸ ಕೊಟ್ಟಿದ್ದರು. ಅದನ್ನು ಓದುವ ಮೊದಲೇ ನಮ್ಮ ಸಿಸ್ಟರ್ ನನಗೂ ಅದನ್ನೇ ಹೇಳಿದ್ದರು. ಕಾಲು ತೊಳೆಯುವಾಗ ಬೆರಳುಗಳ ನಡುವಿನ ಬಿರುಕು, ಸ್ಪರ್ಶವಿಲ್ಲದ ಪಾದ, ಊದಿದ ಹರಡು ಎಲ್ಲವೂ ಕಣ್ಣಿಗೆ ಬೀಳುತ್ತವೆ. ಮತ್ತೆ, ಎಷ್ಟೋ ತಿಂಗಳುಗಳಿಂದ ಯಾರೂ ಮುಟ್ಟದ ಮನುಷ್ಯ ಆ ಹತ್ತು ನಿಮಿಷಗಳಲ್ಲಿ ಮಾತನಾಡಲು ಶುರುಮಾಡುತ್ತಾನೆ.

ಕಜ್ಜಿಯ ಚಿಕಿತ್ಸೆಯನ್ನೂ ಇದೇ ರೀತಿ ತಿರುಗಿಸಿ ಯೋಚಿಸಬೇಕಾಯಿತು. ಮೈಗೆಲ್ಲ ಮುಲಾಮು ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಸ್ನಾನ ಮಾಡಿ, ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಿರಿ ಎನ್ನುವುದು ಬಚ್ಚಲುಮನೆ ಇರುವವರಿಗೆ ಹೇಳುವ ಮಾತು. ಐವರ್ಮೆಕ್ಟಿನ್ ಮಾತ್ರೆಯನ್ನು ತೂಕಕ್ಕೆ ತಕ್ಕಂತೆ ನಮ್ಮ ಎದುರಿಗೇ ನುಂಗಿಸಿ, ಮುಂದಿನ ವಾರ ಮತ್ತೊಂದು ಸಲ ಕೊಟ್ಟು, ಒಂದು ಜೊತೆ ಒಗೆದ ಬಟ್ಟೆ ಬದಲಾಯಿಸಿಕೊಟ್ಟರೆ ಬೀದಿಯಲ್ಲಿಯೂ ಅದು ವಾಸಿಯಾಗುತ್ತದೆ. ಬಸುರಿಯರಿಗೂ 15 ಕಿಲೋಗಿಂತ ಕಡಿಮೆ ತೂಕದ ಮಕ್ಕಳಿಗೂ ಅದನ್ನು ಕೊಡುವುದಿಲ್ಲ.

ನಾಯಿ ಕಡಿತದ ಬಗ್ಗೆ ನನಗೆ ಸದಾ ಭಯವಿದೆ, ಏಕೆಂದರೆ ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ನಾವು ಮಾಡುವಂಥದ್ದು ಏನೂ ಉಳಿಯುವುದಿಲ್ಲ. ನೆಲದ ಮೇಲೆ ಮಲಗುವವರಿಗೆ ಕಡಿತ ಕಾಲಿಗಷ್ಟೇ ಆಗುವುದಿಲ್ಲ, ಮುಖಕ್ಕೂ ಕೈಗೂ ಆಗುತ್ತದೆ. ಕಡಿದ ಕೂಡಲೇ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಹರಿಯುವ ನೀರು ಎಲ್ಲಿದೆ ಎಂಬ ಪ್ರಶ್ನೆ ಮತ್ತೆ ಎದುರಾಗುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಚರ್ಮದೊಳಗೆ ಕೊಡುವ ಲಸಿಕೆಯನ್ನು ಮೊದಲ ದಿನ, ಮೂರನೆಯ, ಏಳನೆಯ ಮತ್ತು 28ನೆಯ ದಿನ ಹಾಕುತ್ತಾರೆ, ರಕ್ತ ಬರುವಂಥ ಗಾಯಕ್ಕೆ ಸೀರಮ್ಮನ್ನೂ ಕೊಡುತ್ತಾರೆ. ವಾರದ ಹೆಸರೇ ನೆನಪಿಲ್ಲದಂತೆ ಬದುಕುವವರಿಗೆ ಈ ದಿನಗಳ ಲೆಕ್ಕ ಹೇಗೆ? ನಮ್ಮ ಆಟೋ ಚಾಲಕರು ಒಂದು ಉಪಾಯ ಮಾಡಿದರು. ಕಡಿತಕ್ಕೊಳಗಾದವರ ಪಟ್ಟಿಯನ್ನು ತಮ್ಮ ಮೊಬೈಲಿನಲ್ಲಿ ಅಲಾರಾಂ ಆಗಿ ಇಟ್ಟುಕೊಂಡು, ಆಯಾ ದಿನ ಬೆಳಗ್ಗೆ ತಾವೇ ಹೋಗಿ ಕರೆದುಕೊಂಡು ಹೋಗುತ್ತಾರೆ. ಅಂಥ ದಿನ ಅವರಿಗೆ ಒಂದೆರಡು ಬಾಡಿಗೆ ತಪ್ಪುತ್ತವೆ. ಈ ಬರಹದಲ್ಲಿ ಯಾರ ಹೆಸರನ್ನೂ ಬರೆಯುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ, ಇಲ್ಲದಿದ್ದರೆ ಅವರ ಹೆಸರನ್ನು ಬರೆಯುತ್ತಿದ್ದೆ.

ಕ್ಷಯದ ಮಾತು ಬಂದಾಗ ನನಗೆ ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಒಂದು ಅಧ್ಯಯನ ನೆನಪಾಗುತ್ತದೆ. ಆಗ ಕ್ಷಯರೋಗಿಗಳನ್ನು ಸ್ಯಾನಟೋರಿಯಂಗಳಲ್ಲಿ ತಿಂಗಳುಗಟ್ಟಲೆ ಇಟ್ಟು, ಒಳ್ಳೆಯ ಗಾಳಿ ಮತ್ತು ಊಟ ಕೊಟ್ಟರೆ ಮಾತ್ರ ಗುಣವಾಗುತ್ತದೆ ಎಂಬ ನಂಬಿಕೆಯಿತ್ತು. ಅರ್ಧದಷ್ಟು ರೋಗಿಗಳನ್ನು ಸ್ಯಾನಟೋರಿಯಂನಲ್ಲೂ ಉಳಿದವರನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲೂ ಇರಿಸಿ ಅದೇ ಔಷಧಗಳನ್ನು ಒಂದು ವರ್ಷ ಕೊಟ್ಟು ನೋಡಿದಾಗ, ಊಟ ಕಡಿಮೆಯಿದ್ದರೂ ದುಡಿಮೆ ಹೆಚ್ಚಿದ್ದರೂ ಮನೆಯಲ್ಲಿದ್ದವರು ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾದರು. 1959ರಲ್ಲಿ ಪ್ರಕಟವಾದ ಆ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯನ್ನೇ ಆಸ್ಪತ್ರೆಯಿಂದ ಮನೆಗೆ ತಂದಿತು. ಬಡವರಿಗೆ ಅದರಿಂದಾದ ಉಪಕಾರವನ್ನು ಅಳೆಯಲಾಗದು. ಆದರೆ ಅಂದಿನಿಂದ 'ಮನೆಗೆ ಹೋಗಿ ಮಾತ್ರೆ ತಗೊಳ್ಳಿ' ಎನ್ನುವುದು ರೂಢಿಯಾಗಿ, ಮನೆಯೇ ಇಲ್ಲದವರು ಸ್ಯಾನಟೋರಿಯಂಗೂ ಮನೆಗೂ ಸೇರದೆ ನಡುವೆ ಉಳಿದರು.

ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ: ಮೊದಲ ಎರಡು ತಿಂಗಳು ನಾಲ್ಕು ಔಷಧ, ನಂತರದ ನಾಲ್ಕು ತಿಂಗಳು ಮೂರು, ಪ್ರತಿದಿನವೂ, ಎಲ್ಲವೂ ಉಚಿತ. ಊಟದ ನೆರವಿಗೆಂದು ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರಿನಿಂದ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯಿಲ್ಲದವರಿಗೆ ಖಾತೆ ಮಾಡಿಸುವುದರಲ್ಲಿಯೇ ಚಿಕಿತ್ಸೆಯ ಅರ್ಧ ಅವಧಿ ಕಳೆದುಹೋಗುತ್ತದೆ. ನಾವು ಕಲಿತ ಸಣ್ಣ ಸಂಗತಿಯೊಂದಿದೆ: ಆ ಔಷಧಗಳಲ್ಲೊಂದಾದ ರಿಫಾಂಪಿಸಿನ್ ನುಂಗಿದರೆ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ ಎಂದು ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಎಂದು ಹೆದರಿ ಮಾತ್ರೆಯನ್ನು ಮೋರಿಗೆ ಎಸೆಯುತ್ತಾರೆ. ಇಬ್ಬರು ಹಾಗೆ ಮಾಡಿದರು. ಅವರಲ್ಲಿ ಒಬ್ಬರು ನಮಗೆ ಮತ್ತೆ ಸಿಗಲೇ ಇಲ್ಲ. ಇನ್ನೊಬ್ಬರಿಗೆ ಪ್ರತಿದಿನ ಮಾತ್ರೆ ಕೊಡುವ ಹೊಣೆಯನ್ನು ಚಹಾದ ಗಾಡಿಯವರು ಹೊತ್ತರು. ಬೆಳಗಿನ ಚಹಾದ ಲೋಟವನ್ನು ಮಾತ್ರೆ ನುಂಗಿದ ಮೇಲೆಯೇ ಕೈಗೆ ಕೊಡುತ್ತಿದ್ದರು. ಆರು ತಿಂಗಳು ಪೂರ್ಣವಾಯಿತು. ಕೊನೆಯ ಕಫ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದು ಬಂದ ದಿನ ಅವರಿಗಿಂತ ಮೊದಲು ಸಂತೋಷಪಟ್ಟವರು ಆ ಗಾಡಿಯವರು.

ದೊಡ್ಡ ಕಾಯಿಲೆಯಾದಾಗ ಆಸ್ಪತ್ರೆಗೆ ಸೇರಿಸಲೇಬೇಕು. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. 2008ರ ನವೆಂಬರಿನಲ್ಲಿ ರಾಜ್ಯದಲ್ಲಿ ಅದು ಆರಂಭವಾದ ಮೇಲೆ ಬೀದಿಯಲ್ಲಿ ಬಿದ್ದವರೂ ಕ್ಯಾಶುವಾಲ್ಟಿ ತಲುಪುವಂತಾಯಿತು. ಕಷ್ಟ ಶುರುವಾಗುವುದು ಅಲ್ಲಿಂದ ಮುಂದೆ, "ಜೊತೆಗೆ ಯಾರಿದ್ದೀರಿ?" ಎಂಬ ಪ್ರಶ್ನೆಯಿಂದ. ನಮ್ಮ ವಾರ್ಡುಗಳು ರೋಗಿಯ ಜೊತೆಗಿರುವವರ ದುಡಿಮೆಯ ಮೇಲೆಯೇ ನಿಂತಿವೆ. ಸ್ಟ್ರೆಚರ್ ತಳ್ಳುವುದು, ರಕ್ತದ ಮಾದರಿಯನ್ನು ಲ್ಯಾಬಿಗೆ ಒಯ್ಯುವುದು, ಹೊರಗಿನಿಂದ ಔಷಧ ತರುವುದು, ಮೂತ್ರದ ಪಾತ್ರೆ ಹಿಡಿಯುವುದು, ಊಟ ಮಾಡಿಸುವುದು, ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವುದು, ಇವೆಲ್ಲವನ್ನೂ ಅಮ್ಮನೋ ಮಗನೋ ಹೆಂಡತಿಯೋ ಮಾಡುತ್ತಾರೆ ಎಂದು ವ್ಯವಸ್ಥೆ ನಂಬಿಕೊಂಡಿದೆ. ನೂರು ಹಾಸಿಗೆಗೆ ಇಬ್ಬರೇ ನರ್ಸುಗಳಿರುವ ರಾತ್ರಿ ಪಾಳಿಯಲ್ಲಿ ನಾನೂ ದುಡಿದಿದ್ದೇನೆ. ಜೊತೆಗೆ ಯಾರೂ ಇಲ್ಲದ ರೋಗಿ ಬಂದರೆ ಅಲ್ಲಿನವರ ಮುಖ ಬಾಡುವುದು ಕ್ರೌರ್ಯದಿಂದಲ್ಲ, ಅಸಹಾಯಕತೆಯಿಂದ. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಸರದಿಯಂತೆ ಜೊತೆಗಾರರಾಗಿ ನಿಲ್ಲುತ್ತಾರೆ. 'ಸಂಬಂಧ' ಎಂಬ ಕಾಲಂನಲ್ಲಿ ಒಬ್ಬ ಹುಡುಗ ಒಂದು ಸಲ 'ಮೊಮ್ಮಗ' ಎಂದು ಬರೆದ. ತಪ್ಪು ಮಾಹಿತಿ ಬರೆಯಬಾರದು ಎಂದು ಅವನಿಗೆ ಹೇಳಬೇಕಾಗಿತ್ತು, ನನಗೆ ಹೇಳಲಾಗಲಿಲ್ಲ.

ಗುರುತಿನ ಚೀಟಿಯ ಪ್ರಶ್ನೆಯೂ ಹೀಗೆಯೇ. ಆಧಾರ್ ಇಲ್ಲ, ಪಡಿತರ ಚೀಟಿ ಇಲ್ಲ, ಇದ್ದದ್ದು ಕಳವಾಗಿದೆ ಅಥವಾ ಮಳೆಯಲ್ಲಿ ನೆನೆದು ಹೋಗಿದೆ. ಇದನ್ನು ಮೀರಲಾಗದ ಅಡ್ಡಿಯೆಂದು ನಾನು ಒಪ್ಪುವುದಿಲ್ಲ. ಕೋವಿಡ್ ಕಾಲದಲ್ಲಿ, 2021ರ ಮೇ ತಿಂಗಳಲ್ಲಿ, ಗುರುತಿನ ಚೀಟಿ ಇಲ್ಲದವರಿಗೂ ಲಸಿಕೆ ಹಾಕುವ ಕ್ರಮವನ್ನು ಕೇಂದ್ರ ಸರ್ಕಾರವೇ ಹೊರಡಿಸಿತ್ತು. ಬೇಕೆಂದಾಗ ಅದು ಸಾಧ್ಯವಾಯಿತು. ಮಾನಸಿಕ ಕಾಯಿಲೆಯ ವಿಷಯದಲ್ಲಂತೂ ಕಾನೂನು ಇನ್ನೂ ಸ್ಪಷ್ಟವಾಗಿದೆ: 2017ರ ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, ಬಿಪಿಎಲ್ ಕಾರ್ಡ್ ಇರಲಿ ಇಲ್ಲದಿರಲಿ, ನಿರ್ಗತಿಕರಿಗೂ ಮನೆಯಿಲ್ಲದವರಿಗೂ ಉಚಿತ ಚಿಕಿತ್ಸೆಯ ಹಕ್ಕನ್ನು ಕೊಟ್ಟಿದೆ. ಅದರ 100ನೆಯ ಕಲಮಿನಂತೆ, ಮಾನಸಿಕ ಅಸ್ವಸ್ಥರಾಗಿ ಅಲೆಯುತ್ತಿರುವವರನ್ನು ರಕ್ಷಣೆಗೆ ತೆಗೆದುಕೊಂಡು 24 ಗಂಟೆಯೊಳಗೆ ಸಾರ್ವಜನಿಕ ಆಸ್ಪತ್ರೆಗೆ ಒಯ್ಯುವುದು ಪೊಲೀಸ್ ಠಾಣಾಧಿಕಾರಿಯ ಕರ್ತವ್ಯ. ಅವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಮನೆಯವರನ್ನು ಹುಡುಕಲು ಕಾಣೆಯಾದವರ ಪ್ರಕರಣ ದಾಖಲಿಸಬೇಕು. ಆ ಕಲಮಿನ ಕನ್ನಡ ಪ್ರತಿಯೊಂದನ್ನು ನಾನು ಚೀಲದಲ್ಲಿಯೇ ಇಟ್ಟುಕೊಂಡಿರುತ್ತೇನೆ. ಠಾಣೆಗಳಲ್ಲಿ ಅದನ್ನು ಓದಿದ ಮೇಲೆ ಸಹಕರಿಸಿದವರೇ ಹೆಚ್ಚು.

ನನ್ನನ್ನು ಅತಿ ಹೆಚ್ಚು ಕಾಡುವುದು ಡಿಸ್ಚಾರ್ಜಿನ ನಂತರದ ದಿನಗಳು. ಆಸ್ಪತ್ರೆಯ ಹಾಸಿಗೆ ಬೇಕಾಗುವಷ್ಟು ಕಾಯಿಲೆಯಿಲ್ಲ, ಫುಟ್‌ಪಾತಿನ ಮೇಲೆ ಮಲಗುವಷ್ಟು ಶಕ್ತಿಯೂ ಇಲ್ಲ, ಅಂಥ ಎರಡು ಮೂರು ವಾರಗಳು. ಬೆರಳು ತೆಗೆದ ಕಾಲು ಮಾಯುವುದೋ ಮೊಣಕಾಲಿನವರೆಗೆ ಹೋಗುವುದೋ ತೀರ್ಮಾನವಾಗುವುದು ಆ ದಿನಗಳಲ್ಲಿ. ಬಾಸ್ಟನ್ನಿನಲ್ಲಿ ಇದಕ್ಕಾಗಿಯೇ, ನರ್ಸುಗಳಿರುವ, ಚೇತರಿಸಿಕೊಳ್ಳುವವರೆಗೆ ಇರಬಹುದಾದ ಮನೆಗಳನ್ನು ಮಾಡಿದ್ದಾರೆ. ನಮ್ಮಲ್ಲಿ ಸುಪ್ರೀಂ ಕೋರ್ಟು 2010ರಿಂದೀಚೆಗೆ ನೀಡಿದ ಆದೇಶಗಳ ಮೇರೆಗೆ, ಮತ್ತು ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನ ಹಾಕಿಕೊಟ್ಟ ನಿಯಮದಂತೆ, ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನರ ಒಂದು ತಂಗುದಾಣ, ದಿನದ 24 ಗಂಟೆಯೂ ವರ್ಷದ ಎಲ್ಲ ದಿನವೂ, ಒಬ್ಬೊಬ್ಬರಿಗೆ ಕನಿಷ್ಠ 50 ಚದರ ಅಡಿಯಂತೆ ಇರಬೇಕು. 2011ರ ಜನಗಣತಿಯ 84 ಲಕ್ಷದ ಲೆಕ್ಕ ಹಿಡಿದರೂ ಬೆಂಗಳೂರಿಗೆ 84 ತಂಗುದಾಣಗಳು ಬೇಕು. ಅಷ್ಟಿಲ್ಲ. ಇರುವುದರಲ್ಲಿ ಒಂದೆರಡು ಕಡೆಯಾದರೂ ಹತ್ತು ಹಾಸಿಗೆಗಳನ್ನು ಚೇತರಿಕೆಗೆಂದು ಮೀಸಲಿಟ್ಟು, ಹಗಲಿನಲ್ಲಿಯೂ ಮಲಗಲು ಬಿಟ್ಟು, ದಿನಕ್ಕೊಮ್ಮೆ ನರ್ಸ್ ಬರುವಂತೆ ಮಾಡಿದರೆ ಎಷ್ಟೋ ಕಾಲುಗಳು ಉಳಿಯುತ್ತವೆ ಎಂದು ನಾನು ಕೇಳಿದವರಿಗೆಲ್ಲ ಹೇಳುತ್ತಿದ್ದೇನೆ, ಕೇಳದವರಿಗೂ ಹೇಳುತ್ತಿದ್ದೇನೆ.

ಉಳಿಯದವರೂ ಇದ್ದಾರೆ. ಲೆಡ್ಜರ್‌ನಲ್ಲಿ ಹನ್ನೊಂದು ಹೆಸರುಗಳ ಮುಂದೆ ಸಿಸ್ಟರ್ ದಿನಾಂಕ ಬರೆದು ಗೆರೆ ಎಳೆದಿದ್ದಾರೆ. ಕೇಳಿಕೊಂಡು ಬರುವವರು ಇಲ್ಲದ ದೇಹಗಳನ್ನು 1957ರ ಕರ್ನಾಟಕ ಅಂಗರಚನಾಶಾಸ್ತ್ರ ಅಧಿನಿಯಮದಡಿ ವೈದ್ಯಕೀಯ ಕಾಲೇಜುಗಳಿಗೆ ಕೊಡಲು ಅವಕಾಶವಿದೆ. ಹದಿನೆಂಟನೆಯ ವಯಸ್ಸಿನಲ್ಲಿ ನಾನು ಮೊದಲು ಕೈಯಿಟ್ಟು ಕಲಿತ ದೇಹದ ಅಂಗಾಲು ಬಿರುಕುಬಿಟ್ಟು ಗಟ್ಟಿಯಾಗಿತ್ತು, ಅದು ನನಗೆ ಇನ್ನೂ ನೆನಪಿದೆ. ಆ ಮನುಷ್ಯ ಎಲ್ಲಿ ಮಲಗುತ್ತಿದ್ದರು ಎಂದು ಆಗ ಕೇಳಿಕೊಂಡಿರಲಿಲ್ಲ. ಈಗ ಬೇಸಿನ್ನಿನಲ್ಲಿ ಅಂಥದೇ ಅಂಗಾಲನ್ನು ಹಿಡಿದುಕೊಂಡಾಗ ಆ ಪ್ರಶ್ನೆ ಏಳುತ್ತದೆ.

ಕಲಬುರಗಿಯ ಹಿರಿಯರ ಕಾಲು ಮಾಯಲು ಹದಿನಾಲ್ಕು ವಾರ ಹಿಡಿಯಿತು. ಭಾನುವಾರ ನಾವು, ಉಳಿದ ದಿನಗಳಲ್ಲಿ ಹತ್ತಿರದ ಆರೋಗ್ಯ ಕೇಂದ್ರದ ನರ್ಸ್ ಡ್ರೆಸ್ಸಿಂಗ್ ಮಾಡಿದರು. ಮಳೆಗಾಲದಲ್ಲಿ ಬ್ಯಾಂಡೇಜಿನ ಮೇಲೆ ಹಾಲಿನ ಪ್ಯಾಕೆಟ್ಟುಗಳ ದಪ್ಪ ಕವರನ್ನು ಕಟ್ಟಿಕೊಳ್ಳುವ ಉಪಾಯ ಅವರದೇ. ಈಗ ಅವರು ಬೇಕರಿಯ ಸರಕು ಇಳಿಸುವ ಕೆಲಸಕ್ಕೆ ನಿಂತಿದ್ದಾರೆ, ಮಲಗುವುದು ಇನ್ನೂ ಅದೇ ಫುಟ್‌ಪಾತಿನಲ್ಲಿ. ಹೋದ ವಾರ ಅಲ್ಲಿ ಕಾಮಗಾರಿಗೆಂದು ಅಗೆದು ತಗಡು ಹೊಡೆದಿದ್ದರಿಂದ ಅವರು ಕಾಣಲಿಲ್ಲ. ಬೇಕರಿಯಲ್ಲಿ ವಿಚಾರಿಸಿದಾಗ, ಇನ್ಸುಲಿನ್ ಡಬ್ಬಿ ಅಲ್ಲಿಯೇ ಇದೆಯೆಂದೂ ಬೆಳಗ್ಗೆ ಬಂದು ಚುಚ್ಚಿಕೊಂಡು ಹೋದರೆಂದೂ ತಿಳಿಯಿತು. ಸಿಸ್ಟರ್ ಲೆಡ್ಜರ್ ತೆರೆದು ಹಳೆಯ ವಿಳಾಸದ ಮೇಲೆ ಗೆರೆ ಎಳೆದು, "ಟೈರ್ ಅಂಗಡಿ ಎದುರು, ತಗಡಿನ ಆಚೆ ಬದಿ" ಎಂದು ಬರೆದುಕೊಂಡರು.